ದೋಹಾದಲ್ಲಿ ದೋಣಿಗೆ ನೀರು ಕುಡಿಸಿದ್ದು

ನಮ್ಮ ಊರಿನ ಕಡಲ ಬದಿಯಲ್ಲಿ ಹೆಂಗಸರು ದೋಣಿ ಹತ್ತುವ ಹಾಗಿರಲಿಲ್ಲ. ದೋಣಿ ತಂದ ಮೀನನ್ನು ಬುಟ್ಟಿಯಲ್ಲಿ ಹೊತ್ತು ಮಾರಬಹುದು, ಹರಿದ ಬಲೆ ಕಟ್ಟಬಹುದು, ದೋಣಿ ಬರುವವರೆಗೆ ಮರಳಿನಲ್ಲಿ ಕೂತು ಕಾಯಬಹುದು. ಕಾಲು ಮಾತ್ರ ಒಳಗೆ ಇಡಬಾರದು. ನಾನು ಮೂವತ್ತು ವರ್ಷ ಮೀನು ಮಾರಿದೆ. ನನ್ನ ಗಂಡನ ದೋಣಿಯನ್ನು ಹೊರಗಿನಿಂದ ಮುಟ್ಟಿದ್ದೇ ಬಂತು, ಒಂದು ದಿನ ಒಳಗೆ ಕೂತದ್ದಿಲ್ಲ.

ಅಂಥವಳು ಕತಾರಿಗೆ ಹೋಗಿ ಮೂರು ತಿಂಗಳು ದೋಣಿಯಲ್ಲೇ ಸಂಸಾರ ಮಾಡಿ ಬಂದೆ. ಅಲ್ಲೇ ಅನ್ನ ಬೇಯಿಸಿದೆ, ಅಲ್ಲೇ ನಿದ್ದೆ ಮಾಡಿದೆ, ಅಲ್ಲೇ ಮೊಮ್ಮಗಳ ತಲೆಗೆ ಎಣ್ಣೆ ಹಚ್ಚಿದೆ. ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಮೂರನೇ ಕ್ಲಾಸು ಕಲಿತವಳು ನಾನು. ಆದರೂ ಇದನ್ನು ನಾನೇ ಬರೆಯಬೇಕು, ಬೇರೆಯವರು ಬರೆದರೆ ನನ್ನ ಸಂತೋಷವನ್ನು ಕಡಿಮೆ ಬರೆಯುತ್ತಾರೆ.

ಮಗ ದೋಹಾದಲ್ಲಿ ಒಬ್ಬ ಕತಾರಿ ಹಿರಿಯರ ಹಾಯಿದೋಣಿ ನೋಡಿಕೊಳ್ಳುವ ಕೆಲಸದಲ್ಲಿದ್ದ. ಊರಿನಲ್ಲಿ ಟ್ರಾಲ್ ಬೋಟಿನ ಇಂಜಿನ್ ರಿಪೇರಿ ಕಲಿತವನು. ಆಗ ದೋಹಾ ಬೆಳೆಯುತ್ತಿತ್ತು, ಮನೆ ಬಾಡಿಗೆ ಅದಕ್ಕಿಂತ ಬೇಗ ಬೆಳೆಯುತ್ತಿತ್ತು. ಮಗನ ಸಂಸಾರವಿದ್ದ ಕೋಣೆಯನ್ನು ಮನೆ ಮಾಲೀಕ ಖಾಲಿ ಮಾಡಿಸಿದಾಗ ದೋಣಿಯ ಯಜಮಾನರು, ಹೆಂಡತಿ ಮಗು ಕರೆದುಕೊಂಡು ಬಂದು ದೋಣಿಯಲ್ಲೇ ಇರು ಎಂದರಂತೆ. ಮರದ ದೋಣಿ, ನಡುವೆ ಎತ್ತರದ ಹಾಯಿಗಂಬ, ಕೆಳಗೆ ಎರಡು ಸಣ್ಣ ಕೋಣೆ. ಸೊಸೆ ಅದರ ಕಿಟಕಿಗಳಿಗೆ ಹೂವಿನ ಪರದೆ ಹಾಕಿದ್ದಳು.

ಮೊಮ್ಮಗಳು ದೋಹಾದಲ್ಲೇ ಹುಟ್ಟಿದವಳು. ಅವಳನ್ನು ನಾನು ಮೊದಲು ಕಂಡದ್ದು ಏರ್‌ಪೋರ್ಟಿನಲ್ಲಿ, ಆಗ ಅವಳಿಗೆ ಐದು ವರ್ಷ. ಫ್ರಾಕಿನ ಮೇಲೆ ಕಿತ್ತಳೆ ಬಣ್ಣದ ತೇಲುವ ಜಾಕೆಟ್ ಹಾಕಿಕೊಂಡೇ ಬಂದಿದ್ದಳು. ಬಿಚ್ಚು ಎಂದರೆ ಬಿಚ್ಚಲಿಲ್ಲವಂತೆ.

"ಅಜ್ಜಿ, ಸ್ವಿಮ್ಮಿಂಗ್ ಬರ್ತದಾ?" ಅದೇ ಅವಳು ನನಗೆ ಆಡಿದ ಮೊದಲ ಮಾತು.

"ಇಲ್ಲ ಪುಟ್ಟಾ."

"ಹಾಗಾದ್ರೆ ನೀವೂ ಜಾಕೆಟ್ ಹಾಕ್ಬೇಕು. ರೂಲ್ ಉಂಟು."

ನನಗೆ ನಗುವೂ ಅಳುವೂ ಒಟ್ಟಿಗೇ ಬಂತು. ಸೀರೆಯ ಮೇಲೆ ಆ ಜಾಕೆಟ್ ಹಾಕಿಕೊಂಡೇ ನಾನು ದೋಣಿ ಹತ್ತಿದೆ. ಹಲಗೆಯ ಮೇಲೆ ಬಲಗಾಲು ಇಡುವಾಗ ಊರಿನ ಹಿರಿಯರೆಲ್ಲ ಕಣ್ಣ ಮುಂದೆ ಬಂದರು. ಬಂದವರು ಬಂದ ಹಾಗೇ ಹೋದರು.

ದೋಣಿ ಕಟ್ಟುವ ದಕ್ಕೆಯಲ್ಲಿ ಸುತ್ತಲಿದ್ದದ್ದೆಲ್ಲ ಫೈಬರಿನ ಬಿಳಿ ಬೋಟುಗಳು, ಅದರಲ್ಲಿ ಯಾರೂ ವಾಸವಿಲ್ಲ. ನಮ್ಮ ದೋಣಿಯಲ್ಲಿ ಮಾತ್ರ ಬೆಳಿಗ್ಗೆ ಒಗ್ಗರಣೆಯ ವಾಸನೆ. ನಾನು ಒಗೆದ ಸೀರೆಯನ್ನು ಹಾಯಿಗಂಬದಿಂದ ದೋಣಿಯ ಮೂತಿಯವರೆಗೆ ಇದ್ದ ಹಗ್ಗಕ್ಕೆ ಹಾಕುತ್ತಿದ್ದೆ. ಕಾವಲಿನ ಮಲಯಾಳಿ ದಿನವೂ ಬಂದು, "ಅಮ್ಮಚ್ಚಿ, ಸಾರಿ ಮಾಫಿ" ಎನ್ನುತ್ತಿದ್ದ. ಮಾಫಿ ಅಂದರೆ ಇಲ್ಲ, ಆಗದು ಎಂದು ಮೊಮ್ಮಗಳು ಹೇಳಿಕೊಟ್ಟಿದ್ದಳು. ನಾನು ಅವನಿಗೊಂದು ನಗು ಕೊಟ್ಟು, ಅವನು ಹೋದ ಮೇಲೆ ಎರಡನೇ ಸೀರೆಯನ್ನೂ ಹಾಕುತ್ತಿದ್ದೆ.

ಒಂದು ತಿಂಗಳು ಹೀಗೆ ಕಳೆಯಿತು. ಆಮೇಲೆ ಬೋಟ್ ಶೋದ, ಎಂದರೆ ದೋಣಿಗಳ ಪ್ರದರ್ಶನದ, ಸುದ್ದಿ ಬಂತು.

ಯಜಮಾನರ ಗಂಡುಮಕ್ಕಳಿಗೆ ಈ ದೋಣಿ ಬೇಡವಾಗಿತ್ತು. ಒಬ್ಬ ಹೋಟೆಲಿನವನು ಅದನ್ನು ತನ್ನ ಬಾಗಿಲಲ್ಲಿ ನಿಲ್ಲಿಸಿ, ಮೇಲೆ ಮೇಜು ಕುರ್ಚಿ ಇಟ್ಟು ಚಹಾ ಕೊಡುತ್ತೇನೆ ಎಂದು ಕೇಳುತ್ತಿದ್ದ. ಯಜಮಾನರು ಒಪ್ಪಿರಲಿಲ್ಲ. ಕಡೆಗೆ ಅಪ್ಪ ಮಕ್ಕಳಲ್ಲಿ ಒಂದು ಮಾತಾಯಿತು. ದೋಣಿಯನ್ನು ಶೋದಲ್ಲಿ ಇಡುವುದು, ಮುಗಿದ ಮೇಲೆ ನೀರಿಗೆ ಇಳಿಸುವುದು. ಸರಿಯಾಗಿ ತೇಲಿದರೆ ನೀರಿನಲ್ಲೇ ಇರಲಿ. ಸೋರಿದರೆ ಹೋಟೆಲಿಗೆ.

"ಹೋಟೆಲಿಗೆ ಹೋದ್ರೆ ನಾನು ಇಂಡಸ್ಟ್ರಿಯಲ್ ಏರಿಯಾದ ಯಾವುದಾದ್ರೂ ಲೇಬರ್ ಕ್ಯಾಂಪಿಗೆ, ಅಲ್ಲಿ ಸಂಸಾರ ಇಡ್ಲಿಕ್ಕಿಲ್ಲ," ಎಂದ ಮಗ. "ಇವರಿಬ್ಬರು ನಿನ್ನೊಟ್ಟಿಗೆ ಊರಿಗೆ. ಬೇರೆ ದಾರಿ ಇಲ್ಲ ಅಮ್ಮ."

ಶೋದ ಜಾಗದಲ್ಲಿ ದೊಡ್ಡ ಕ್ರೇನು ದೋಣಿಯ ಹೊಟ್ಟೆಗೆ ಅಗಲದ ಪಟ್ಟಿ ಕಟ್ಟಿ ಎತ್ತಿ, ಸಿಮೆಂಟ್ ನೆಲದ ಮೇಲೆ ಊರುಗೋಲು ಕೊಟ್ಟು ನಿಲ್ಲಿಸಿತು. ಸಿದ್ಧತೆ, ಶೋ ಎಲ್ಲ ಸೇರಿ ಹತ್ತು ದಿನ. ಅಷ್ಟು ದಿನ ನಾವು ಸೊಸೆಯ ಅಣ್ಣನ ಫ್ಲಾಟಿನಲ್ಲಿ. ಅಲ್ ಅಜೀಜಿಯಾದಲ್ಲಿ ಅವನ ಮನೆ, ಆಫೀಸಿನಲ್ಲಿ ಕೆಲಸ, ಒಳ್ಳೆಯವನೇ. ಬಾಯಿ ಮಾತ್ರ ಸುಮ್ಮನಿರುವುದಿಲ್ಲ.

"ಮಾಮಿ, ಇಲ್ಲಿ ನಳ್ಳಿ ತಿರುಗಿಸಿದ್ರೆ ನೀರು, ಸ್ವಿಚ್ ಹಾಕಿದ್ರೆ ಏಸಿ. ಅದು ಮನುಷ್ಯರು ಇರುವ ಜಾಗವಾ?"

"ಮೀನು ಇರುವ ಜಾಗ. ನಾವು ಮೀನಿನವರೇ ಅಲ್ಲವಾ ಮಗಾ?"

"ದೋಣಿ ಹೋದ್ರೆ ನಿಮಗೇ ಲಾಭ ನೋಡಿ. ಮೊಮ್ಮಗಳು ನಿಮ್ಮ ಮನೆಗೇ ಬರ್ತಾಳೆ."

ಸುಳ್ಳು ಹೇಳುವುದಿಲ್ಲ, ಆ ಮಾತಿಗೆ ನನ್ನ ಎದೆ ಒಮ್ಮೆ ಹಾರಿತು. ಮಗು ನನ್ನ ಅಂಗಳದಲ್ಲಿ ಓಡಾಡುವುದು, ನನ್ನ ಪಕ್ಕದಲ್ಲಿ ಮಲಗುವುದು ಎಲ್ಲ ಕಂಡಿತು. ಅಷ್ಟರಲ್ಲಿ ಮೊಮ್ಮಗಳು ಹಾಸಿಗೆಯಿಂದ ಎದ್ದು ಬಂದಳು, ನಿದ್ದೆ ಹತ್ತುವುದಿಲ್ಲವಂತೆ. "ಈ ಮನೆ ಯಾಕೆ ಅಲ್ಲಾಡುದಿಲ್ಲ? ಪಪ್ಪ, ಅಲ್ಲಾಡಿಸಿ." ಅವಳ ಅಪ್ಪ ಮಂಚದ ತುದಿಯಲ್ಲಿ ಕೂತು ಹಾಸಿಗೆಯನ್ನು ಮೆಲ್ಲನೆ ಎತ್ತಿ ಇಳಿಸಿದ. ಅಪ್ಪನನ್ನು ವರ್ಷಕ್ಕೊಮ್ಮೆ ನೋಡುವ ಮಕ್ಕಳನ್ನು ನಾನು ಊರಿನಲ್ಲಿ ಬೇಕಾದಷ್ಟು ಕಂಡಿದ್ದೇನೆ. ಬಂದ ಅಪ್ಪನಿಗೆ ಅಂಜಿ ಬಾಗಿಲ ಹಿಂದೆ ನಿಲ್ಲುತ್ತವೆ. ನನ್ನ ಆಸೆಯ ಕತ್ತನ್ನು ಅಲ್ಲೇ ಹಿಸುಕಿದೆ.

ಎರಡನೇ ದಿನ ನಾನೂ ಶೋದ ಜಾಗಕ್ಕೆ ಹೋದೆ. ಚಳಿ ಮುಗಿದು ಒಣಗಾಳಿ ಬೀಸುವ ಕಾಲ. ಮಗ ದೋಣಿಯ ಮೈಗೆ ಪಾಲಿಶ್ ತಿಕ್ಕುತ್ತಿದ್ದ, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ನಾನು ಕೆಳಗೆ ಹೋಗಿ ಎರಡು ಹಲಗೆಯ ಸಂದಿಗೆ ಉಗುರು ಹಾಕಿದೆ. ಉಗುರು ಒಳಗೆ ಹೋಯಿತು.

"ದೋಣಿ ಒಣಗ್ತಾ ಉಂಟು. ನೀರು ಹೊಯ್ಯಬೇಕು," ಎಂದೆ.

"ನೀರು ಮುಟ್ಟಿಸ್ಬಾರ್ದು ಅಂತ ಶೋದ ಮ್ಯಾನೇಜರ್ ಹೇಳಿದ್ದಾರೆ. ನೆಲ ಜಾರ್ತದೆ, ಪಾಲಿಶ್ ಹಾಳಾಗ್ತದೆ. ಇದು ಊರಲ್ಲ ಅಮ್ಮ."

"ಮರಕ್ಕೆ ಗೊತ್ತುಂಟಾ ಇದು ಊರಲ್ಲ ಅಂತ?"

ಅವನ ತಪ್ಪಲ್ಲ. ಊರಿನಲ್ಲಿ ಬೇಸಿಗೆಗೆ ದೋಣಿಯನ್ನು ರಿಪೇರಿಗೆಂದು ಮೇಲೆ ಎಳೆದು ಹಾಕಿದ ಮೇಲೆ ಗಂಡಸರು ಚಪ್ಪರದಡಿ ಮಲಗುತ್ತಿದ್ದರು. ಬೆಳಿಗ್ಗೆ ಸಂಜೆ ಕೊಡಪಾನದಲ್ಲಿ ಕಡಲ ನೀರು ತಂದು ದೋಣಿಯ ಮೈಗೆ ಹೊಯ್ಯುವುದು ಹೆಂಗಸರ ಕೆಲಸ. ಒಳಗೆ ಹತ್ತಬಾರದವರಿಗೆ ಹೊರಗಿನ ಚಾಕರಿ. ನೀರು ಕುಡಿದ ಹಲಗೆ ಉಬ್ಬಿ ಒಂದಕ್ಕೊಂದು ಕಚ್ಚಿಕೊಳ್ಳುತ್ತದೆ, ಒಣಗಿದ ಹಲಗೆ ಬಾಯಿ ಬಿಡುತ್ತದೆ. ಗಂಡಸರಿಗೆ ಅದು ನೆನಪಿರುವುದಿಲ್ಲ, ಯಾಕೆಂದರೆ ಅವರು ಕೊಡ ಹೊತ್ತದ್ದೇ ಇಲ್ಲ.

ನಾನು ಸೀರೆ ಎತ್ತಿ ಕಟ್ಟಿ ಬಾಲ್ದಿ ಹಿಡಿದೆ. ಮೆಟ್ಟಲಿಳಿದು ಕಡಲ ನೀರು ತುಂಬಿ ತಂದು ದೋಣಿಯ ಹೊಟ್ಟೆಗೆ ಹೊಯ್ದೆ. ಎರಡು, ಮೂರು, ಹತ್ತು ಬಾಲ್ದಿ. ಮೊಮ್ಮಗಳು ತನ್ನ ಮರಳಾಟದ ಸಣ್ಣ ಬಾಲ್ದಿ ತಂದಳು.

"ಅಜ್ಜಿ, ಬೋಟಿಗೆ ಬಾಯಾರಿಕೆಯಾ?"

"ಹೌದು. ಈಗ ಕುಡಿದ್ರೆ ಮತ್ತೆ ಕಡಲಿಗೆ ಇಳಿದಾಗ ಕುಡಿಯುದಿಲ್ಲ."

ಪಕ್ಕದ ಬಿಳಿ ಬೋಟು ಮಾರುವವನು ಟೈ ಸರಿಮಾಡಿಕೊಂಡು ಹಿಂದಿಯಲ್ಲಿ, "ಅಮ್ಮಾ, ಗಿಡ ನೆಟ್ಟಿದ್ದೀರಾ ಅಲ್ಲಿ?" ಎಂದು ಕೇಳಿದ. ನೆಟ್ಟಿದ್ದೇನೆ, ಹೂ ಬಿಟ್ಟ ಮೇಲೆ ಕರೆಯುತ್ತೇನೆ ಎಂದು ನನಗೆ ಬಂದ ಹಿಂದಿಯಲ್ಲಿ ಹೇಳಿದೆ. ಕಾವಲಿನವನು ಓಡಿ ಬಂದ. ಅದೇ ಮಲಯಾಳಿ, ಶೋದ ದಿನಗಳಲ್ಲಿ ಅವನಿಗೂ ಅಲ್ಲೇ ಡ್ಯೂಟಿ.

"ಅಮ್ಮಚ್ಚಿ, ವೆಳ್ಳಂ ಮಾಫಿ. ಖಲಾಸ್."

"ನೀರು ಹೊಯ್ಯದಿದ್ರೆ ದೋಣಿಯೇ ಖಲಾಸ್," ಎಂದು ಇನ್ನೊಂದು ಬಾಲ್ದಿಗೆ ಹೊರಟೆ.

ಅವನು ತಲೆ ಕೆರೆದುಕೊಂಡು, ಅಷ್ಟು ಕಷ್ಟ ಯಾಕೆ ಎಂದು ನಳ್ಳಿಯ ಪೈಪು ಎಳೆದು ತಂದುಕೊಟ್ಟ. ನಾನು ಬೇಡವೆಂದೆ. ಸಿಹಿನೀರು ಕುಡಿದ ಮರ ಕೊಳೆಯುತ್ತದೆ, ಉಪ್ಪುನೀರು ಕುಡಿದದ್ದು ಬಾಳುತ್ತದೆ. ಅವನಿಗೆ ಅದೂ ಹುಚ್ಚು ಎಂದು ಕಂಡಿರಬೇಕು.

ಮ್ಯಾನೇಜರ್ ಬಂದ. ಕುತ್ತಿಗೆಯಲ್ಲಿ ಕಾರ್ಡು ತೂಗಿಸಿಕೊಂಡ ಬಿಳಿಯ ಹುಡುಗ, ಪಾಪ, ಬಿಸಿಲಿಗೆ ಮುಖವೆಲ್ಲ ಕೆಂಪು. ತುಂಬಾ ಮಾತಾಡಿದ. ನನಗೆ ಅರ್ಥವಾದದ್ದು "ನೋ" ಒಂದೇ. ಮಗ ನೆಲ ನೋಡುತ್ತ ನಿಂತ. ಆಗ ಸೊಸೆ ಮುಂದೆ ಬಂದಳು. ಮದುವೆಯಾಗಿ ಬಂದಂದಿನಿಂದ ಅವಳು ನನ್ನೆದುರು ದನಿ ಎತ್ತಿದ್ದಿಲ್ಲ, ಯಾರೆದುರೂ ಎತ್ತಿದ್ದಿಲ್ಲ. ಇಂಗ್ಲಿಷಿನಲ್ಲಿ ನಿಧಾನಕ್ಕೆ ಏನೋ ಹೇಳಿದಳು. ಅವನು ಒಮ್ಮೆ ದೋಣಿಯನ್ನು, ಒಮ್ಮೆ ನನ್ನನ್ನು ನೋಡಿ, ಎರಡು ಬೆರಳು ತೋರಿಸಿ ಹೋದ.

"ಎಂತ ಹೇಳಿದೆ?"

"ಇದು ನನ್ನ ಮನೆ, ನಿಮ್ಮ ಮನೆಯ ಮಾಡು ಸೋರಿದ್ರೆ ನೀವು ಪಾಲಿಶ್ ಹಾಕ್ತೀರಾ ಅಂತ ಕೇಳಿದೆ ಮಾಮಿ. ಗೇಟು ತೆಗೆಯುವ ಮೊದಲು ಒಮ್ಮೆ, ಮುಚ್ಚಿದ ಮೇಲೆ ಒಮ್ಮೆ ಹೊಯ್ಯಬಹುದಂತೆ."

ಮರುದಿನ ಅವಳು ಮುಶೈರಿಬ್‌ನ ಅಂಗಡಿಗಳಲ್ಲಿ ಅಲೆದು ಅಕ್ಕಿಯ ಗೋಣಿಚೀಲ ಸಂಗ್ರಹಿಸಿ ತಂದಳು. ಅದನ್ನು ಒದ್ದೆ ಮಾಡಿ ದೋಣಿಯ ಅಡಿಗೆ, ಜನರಿಗೆ ಕಾಣದ ಬದಿಗೆ ಸುತ್ತಿದೆವು. ಮಗನೂ ಪಾಲಿಶಿನ ಬಟ್ಟೆ ಬಿಸಾಡಿ ಬಾಲ್ದಿ ಹಿಡಿದ. ಎರಡು ಹೊತ್ತು ಎಂಬ ಒಪ್ಪಂದವನ್ನು ಅವರಿಬ್ಬರು ಪಾಲಿಸಿದರು. ನಾನು ಪಾಲಿಸಲಿಲ್ಲ. ಮಧ್ಯಾಹ್ನದ ಬಿಸಿಲೇ ದೋಣಿಯನ್ನು ಕೊಲ್ಲುವುದು. ಆ ಹೊತ್ತಿಗೆ ಊರುಗೋಲುಗಳ ನಡುವೆ ನೆರಳಿನಲ್ಲಿ ಕೂತು, ಚೊಂಬಿನಲ್ಲಿ ಗೋಣಿಗೆ ನೀರು ಚಿಮುಕಿಸುತ್ತಿದ್ದೆ. ಹೊರಗೆ ಜನ ಸೆಂಟಿನ ಪರಿಮಳ ಬಿಟ್ಟುಕೊಂಡು ಓಡಾಡುತ್ತಿದ್ದರು, ಸೊಸೆ ಅವರಿಗೆ ದೋಣಿಯ ವಿವರ ಅಚ್ಚು ಹಾಕಿದ ಕಾಗದ ಹಂಚುತ್ತಿದ್ದಳು, ನಮ್ಮ ಮರಿ ಜಾಕೆಟ್ ಹಾಕಿಕೊಂಡು ಕಂಡವರಿಗೆಲ್ಲ "ದಿಸ್ ಈಸ್ ಮೈ ಹೌಸ್" ಎಂದು ಹೇಳುತ್ತಿದ್ದಳು. ಅವಳ ದನಿ ಕೇಳಿದಾಗಲೆಲ್ಲ ನಾನು ಇನ್ನೊಂದು ಚೊಂಬು ಹೆಚ್ಚು ಹೊಯ್ದೆ.

ಒಂದು ಮಧ್ಯಾಹ್ನ ಯಜಮಾನರು ಕೋಲೂರಿಕೊಂಡು ಬಂದು ಬಗ್ಗಿದರು. ನಾನು ಚೊಂಬು ಅಡಗಿಸಲಿಲ್ಲ. ಅವರು ಗೋಣಿಯನ್ನು ಬೆರಳಿನಿಂದ ಒತ್ತಿ, ಆ ಬೆರಳನ್ನು ನಾಲಿಗೆಗೆ ಇಟ್ಟು ನೋಡಿದರು. ಉಪ್ಪು. ಗೋಣಿಯನ್ನು ಮತ್ತೆ ಸರಿಮಾಡಿ ಎದ್ದು ಹೋದರು.

ಹತ್ತನೇ ದಿನ ಬೆಳಿಗ್ಗೆ ದೋಣಿಯನ್ನು ಇಳಿಸಿದರು. ಯಜಮಾನರು, ಅವರ ಮಕ್ಕಳು, ಮ್ಯಾನೇಜರ್ ಎಲ್ಲ ಇದ್ದರು. ಹೋಟೆಲಿನವನು ಅಳತೆ ಟೇಪು ಹಿಡಿದೇ ಬಂದಿದ್ದ. ಸೊಸೆಯ ಅಣ್ಣ ರಜೆ ಹಾಕಿ ಬಂದಿದ್ದ, ಸಾಮಾನು ಸಾಗಿಸಲು ಗೆಳೆಯನ ಪಿಕಪ್ ಬೇರೆ ತಂದಿದ್ದ. ಕ್ರೇನು ದೋಣಿಯನ್ನು ನೀರಿಗೆ ಮುಟ್ಟಿಸಿತು. ಮಗ ಒಳಗೆ ಇಳಿದ. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಅವನ ದನಿ ಬಂತು.

"ಅಮ್ಮಾ, ನೀರು ಬರ್ತಾ ಉಂಟು."

ಯಜಮಾನರ ದೊಡ್ಡ ಮಗ ಕ್ರೇನಿನವನಿಗೆ ಎತ್ತು ಎಂದು ಕೈ ಮಾಡಿದ. ಸೊಸೆ ನನ್ನ ಕೈ ಹಿಡಿದಳು. ನಾನು ಕೈ ಬಿಡಿಸಿಕೊಂಡು ಕ್ರೇನಿನ ಎದುರಿಗೆ ಹೋಗಿ ನಿಂತೆ.

"ಎತ್ತಬೇಡಿ. ಪಟ್ಟಿಯಲ್ಲೇ ತೂಗ್ತಾ ಇರಲಿ. ಕುಡಿಯುವಷ್ಟು ಕುಡಿಯಲಿ," ಎಂದೆ. ಕನ್ನಡದಲ್ಲೇ ಹೇಳಿದೆ, ನನಗೆ ಬೇರೇನು ಬರುತ್ತದೆ? ಸೊಸೆ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಕ್ರೇನಿನವನು ಯಜಮಾನರ ಕಡೆ ನೋಡಿದ. ಯಜಮಾನರು ಕೋಲಿನ ಮೇಲೆ ಗಲ್ಲ ಇಟ್ಟುಕೊಂಡು ಅಲ್ಲಿದ್ದ ಕುರ್ಚಿಯಲ್ಲಿ ಕೂತರು. ಅವರು ಕೂತದ್ದರಿಂದ ಉಳಿದವರೂ ಕಾಯಬೇಕಾಯಿತು.

ಅರ್ಧ ಗಂಟೆಗೆ ಮಗ, "ಈಗ ಎರಡೇ ಕಡೆ," ಎಂದ. ಇನ್ನಷ್ಟು ಹೊತ್ತಿಗೆ, "ಹನಿ ಮಾತ್ರ." ಆಮೇಲೆ ಕೆಳಗಿನಿಂದ ಹಲಗೆ ತಟ್ಟಿ ನೋಡುವ ಸದ್ದು ಮಾತ್ರ. ಮೊಮ್ಮಗಳು ದಡದಲ್ಲಿ ಬಗ್ಗಿ ಕೂಗಿದಳು, "ಪಪ್ಪಾ, ಬೋಟಿಗೆ ಹೊಟ್ಟೆ ತುಂಬಿತಾ?"

"ತುಂಬಿತು ಮಗಾ. ಬಂದ್ ಆಯ್ತು." ಅವನ ತಲೆ ಮೇಲೆ ಬಂತು. ಅಂಗೈಯನ್ನು ಎಲ್ಲರಿಗೂ ತೋರಿಸಿದ. ಒಣಗಿತ್ತು.

ಯಜಮಾನರು ಹೋಟೆಲಿನವನ ಕಡೆ ನೋಡಿ, "ಖಲಾಸ್," ಎಂದರು. ಅವನು ಟೇಪನ್ನು ಜೇಬಿಗೆ ಹಾಕಿಕೊಂಡ. ಪಟ್ಟಿ ಬಿಚ್ಚುವ ಮೊದಲೇ ನಾನು ಮೊಮ್ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ದೋಣಿ ಹತ್ತಿದೆ. ಆ ದಿನ ಅದನ್ನು ಹತ್ತಿದ ಮೊದಲ ಹೆಂಗಸು ನಾನು, ಎರಡನೆಯವಳು ಅವಳು.

ಮಧ್ಯಾಹ್ನ ನಮ್ಮ ಹಳೆಯ ಜಾಗಕ್ಕೆ ದೋಣಿ ಬಂತು. ಸೊಸೆಯ ಅಣ್ಣ ಖಾಲಿ ಪಿಕಪ್ಪನ್ನು ಹಿಂದೆ ಕಳಿಸಿ, ನಾನು ಎಣ್ಣೆಯಲ್ಲಿ ಕಾಯಿಸಿದ ಬಂಗುಡೆ ಮೀನನ್ನು ನಾಲ್ಕು ಸಲ ಬಡಿಸಿಕೊಂಡು ತಿಂದ. "ಮಾಮಿ, ಇಲ್ಲಿ ಗಾಳಿ ಪರವಾಗಿಲ್ಲ," ಎಂದ.

"ಸ್ವಿಚ್ ಇಲ್ಲ ನೋಡು, ತಾನಾಗಿಯೇ ಬರ್ತದೆ," ಎಂದೆ.

ಹತ್ತು ದಿನದ ಬಟ್ಟೆ ಒಗೆದು ಹಗ್ಗಕ್ಕೆ ಸೀರೆ ಹಾಕುತ್ತಿದ್ದಾಗ ಕಾವಲಿನವನು ಬಂದು ಅಲ್ಲೇ ನಿಂತ. ಅವನು ಮಾಫಿ ಎನ್ನುವ ಮೊದಲೇ ನಾನು ಹೇಳಿದೆ, "ಒಣಗಬಾರದ್ದು ದೋಣಿ. ಸೀರೆ ಒಣಗಲೇಬೇಕು ಮಾರಾಯ." ಅವನಿಗೆ ಎಷ್ಟು ತಿಳಿಯಿತೋ, ಎರಡು ಮೀನು ಕಟ್ಟಿಸಿಕೊಂಡು ಹೋದ. ಸೀರೆ ಹಾಯಿಯ ಹಾಗೆ ಉಬ್ಬಿ ನಿಂತಿತು. ಅದರ ಅಡಿಯಲ್ಲಿ ಮೊಮ್ಮಗಳು ಜಾಕೆಟ್ ಬಿಚ್ಚದೆ ನಿದ್ದೆ ಹೋಗಿದ್ದಳು, ದೋಣಿ ಅವಳನ್ನು ತೂಗುತ್ತಿತ್ತು.