ನಿನ್ನ ಹಗ್ಗ ಬಿಡಿಸಿದವಳು ನಾನು

ಸುರೇಖಾ, ನೀನು ದೊಡ್ಡವಳಾದ ಸುದ್ದಿಯನ್ನು ನಿನ್ನ ಅಜ್ಜಿಗೆ ಹೇಳಿದವಳು ನಾನು. ಬೇರೆ ಯಾರೂ ಅಲ್ಲ. ಹೇಳಿದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು — ಗೊತ್ತಿದ್ದೇ ಹೇಳಿದೆ.

ಮೊನ್ನೆ ಟೀವಿಯಲ್ಲಿ ಮಂಜುಗಡ್ಡೆಯ ಮೇಲೆ ಜಾರುತ್ತ ಕುಣಿಯುವ ಹುಡುಗಿಯರನ್ನು ತೋರಿಸಿದರು. ಗೆದ್ದವಳು ಇನ್ನೂ ಶಾಲೆಗೆ ಹೋಗುವವಳು. ಹಿಂದಿನ ಸಲ ಗೆದ್ದವಳು — ಅವಳಿಗಾದರೂ ಎಷ್ಟು ವಯಸ್ಸು — ಬದಿಗೆ ಕೂತು ನಗುನಗುತ್ತ ನೋಡುತ್ತಿದ್ದಳು. ಆ ನಗೆಯ ಹಿಂದೆ ಏನಿರುತ್ತದೆ ಎಂಬುದು ನನಗೆ ಗೊತ್ತು. ಟೀವಿ ಆರಿಸಿ ಬಂದು ಇದನ್ನು ಬರೆಯಲು ಕೂತೆ.

ಶಿರಗುಪ್ಪಿಯಲ್ಲಿ ಹಗ್ಗದ ಮಲ್ಲಕಂಬ ಕಲಿತ ಮೊದಲ ಹುಡುಗಿ ನಾನು. ಮಿರಜದಿಂದ ಬರುತ್ತಿದ್ದ ಮಾಸ್ತರರು ಶಾಲೆಯ ಹಿಂದಿನ ಬೇವಿನ ಮರಕ್ಕೆ ದಪ್ಪ ನೂಲಿನ ಹಗ್ಗ ಇಳಿಬಿಟ್ಟಿದ್ದರು. ಕಾಲಿನ ಹೆಬ್ಬೆರಳ ಸಂದಿಯಲ್ಲಿ ಹಗ್ಗ ಹಿಡಿದು ಏರುವುದು, ಸೊಂಟಕ್ಕೆ ಸುತ್ತಿಕೊಂಡು ತಲೆಕೆಳಗಾಗಿ ಎರಡೂ ಕೈ ಬಿಡುವುದು — ಎಲ್ಲ ಅವರೇ ಕಲಿಸಿದ್ದು. ಹದಿಮೂರಕ್ಕೆ ನಾನು ರಾಜ್ಯಕ್ಕೇ ಮೊದಲಿಗಳಾದೆ. ಹದಿನಾಲ್ಕಕ್ಕೆ ಮೈ ತುಂಬಿತು. ಅದೇ ಹಗ್ಗ ತೊಡೆಗೆ ಕಚ್ಚತೊಡಗಿತು. ಮಾಸ್ತರರು ಬೈಯಲಿಲ್ಲ. ನನ್ನನ್ನು ನೋಡುವುದು ಬಿಟ್ಟರು, ಅಷ್ಟೆ.

ಅವರು ನೋಡುತ್ತಿದ್ದದ್ದು ನಿನ್ನನ್ನು. ಕುರಿ ಕಾಯುವ ಮನೆಯ, ಕಡ್ಡಿಯಂಥ ಹುಡುಗಿ. ಹನ್ನೆರಡಕ್ಕೇ ನನ್ನ ಪದಕ ನಿನ್ನ ಕೊರಳಿಗೆ ಬಂತು. ನಾನೇ ಮೊದಲು ಓಡಿಬಂದು ನಿನ್ನನ್ನು ತಬ್ಬಿಕೊಂಡೆ — ಮಂದಿ ನೋಡುತ್ತಿದ್ದರಲ್ಲ.

ತಂದೆತಾಯಿ ಕುರಿಗಳ ಹಿಂದೆ ಊರೂರು ತಿರುಗುತ್ತಿದ್ದುದರಿಂದ ನಿನ್ನ ಮನೆಯಲ್ಲಿ, ನಾವೆಲ್ಲ ಆಯಿ ಎನ್ನುತ್ತಿದ್ದ ಅಜ್ಜಿಯದೇ ಮಾತು. ಅವರು ಮಾಸ್ತರರಿಗೆ ಮೊದಲೇ ಹೇಳಿದ್ದರು: "ದೊಡ್ಡಾಕಿ ಆಗೂತನಕ ಆಡ್ಲಿರಿ. ಆಮ್ಯಾಲ ಚಡ್ಡಿ ಹಾಕ್ಕೊಂಡು ಮಂದಿ ಮುಂದ ಜೋತಾಡೂದು ನಮ್ಮ ಮನ್ಯಾಗ ನಡಿಯಂಗಿಲ್ಲ." ನನ್ನ ಅಪ್ಪ ಅಂಥದ್ದನ್ನೆಲ್ಲ ಮನಸ್ಸಿಗೆ ಹಚ್ಚಿಕೊಂಡವರಲ್ಲ. ನನಗೆ ಆ ತಡೆ ಇರಲಿಲ್ಲ.

ಮರುವರ್ಷ ಮುಂಬೈಯಲ್ಲಿ ದೊಡ್ಡ ಸ್ಪರ್ಧೆ. ರಾಜ್ಯದ ತಂಡದಲ್ಲಿ ನಮ್ಮೂರಿಗೆ ಒಂದೇ ಜಾಗ. ಆಯ್ಕೆ ಹತ್ತಿರ ಬಂದಾಗ ಒಂದು ಸಂಜೆ ನೀನು ಶಾಲೆಯ ನೀರಿನ ಟಾಕಿಯ ಹಿಂದೆ ಕೂತು ಅಳುತ್ತಿದ್ದೆ. ಹಗ್ಗದಿಂದ ಒಳಗೆಲ್ಲೋ ಗಾಯವಾಗಿದೆ ಎಂದು ಹೆದರಿದ್ದೆ. ಅದು ಏನೆಂದು ನಾನೇ ತಿಳಿಹೇಳಿದೆ, ಬಟ್ಟೆ ಕಟ್ಟಿಕೊಳ್ಳುವುದನ್ನು ತೋರಿಸಿದೆ. ನೀನು ನನ್ನ ಕೈ ಹಿಡಿದುಕೊಂಡೆ.

"ಅಕ್ಕಾ, ಆಯಿಗೆ ಹೇಳಬ್ಯಾಡ. ಮುಂಬೈಗೆ ಹೋಗಿ ಬಂದ ಮ್ಯಾಲ ನಾನ ಹೇಳ್ತೇನಿ."

"ಯಾರಿಗೂ ಹೇಳಂಗಿಲ್ಲ."

ಹಾಗೆಂದಾಗ ನನ್ನ ಮನಸ್ಸಿನಲ್ಲಿ ಮೋಸವಿರಲಿಲ್ಲ. ಇರಲಿಲ್ಲ ಎಂದೇ ಇಷ್ಟು ವರ್ಷ...

ಆಯ್ಕೆಯ ಹಿಂದಿನ ದಿನ ಮಾಸ್ತರರು ನಿನ್ನನ್ನು ಹಗ್ಗದಿಂದ ಇಳಿಸಿಕೊಂಡು, "ಪೋರಿ, ಮುಂಬೈ ಜಾಗಾ ನಿಂದ" ಎಂದರು. ನಾನು ಪಕ್ಕದಲ್ಲೇ ನಿಂತಿದ್ದೆ. ಮನೆಯ ದಾರಿ ಬಿಟ್ಟು ನಿಮ್ಮ ಮನೆಯ ಕಡೆ ತಿರುಗಿದೆ. ಅಜ್ಜಿ ಆಡಿನ ಹಾಲು ಹಿಂಡುತ್ತಿದ್ದರು. ಒಳ್ಳೆಯ ಸುದ್ದಿ ತಂದವಳ ಹಾಗೆ ನಗುತ್ತ ಹೇಳಿದೆ: "ಆಯಿ, ಸುರೇಖಾ ದೊಡ್ಡಾಕಿ ಆಗ್ಯಾಳ್ರಿ. ನಾಚಿಕೊಂಡು ಹೇಳವಲ್ಲಳು. ನಾ ಹೇಳೇನಂತ ಆಕೀಗೆ ಗೊತ್ತಾಗಬಾರದ್ರಿ."

ಅವರು ಕೈ ಒರೆಸಿಕೊಂಡು ನನ್ನ ಗದ್ದ ಹಿಡಿದರು. "ಚೊಲೋ ಮಾಡಿದಿ, ಮಗಳ."

ಮರುದಿನ ನೀನು ಆಯ್ಕೆಗೆ ಬರಲಿಲ್ಲ; ಜಾಗ ನನಗೆ ಸಿಕ್ಕಿತು. ನಿನಗೆ ಹಸಿರು ಸೀರೆ ಉಡಿಸಿ ಕೂರಿಸಿದ್ದರು. ಆರತಿಗೆ ನನ್ನನ್ನೂ ಕರೆದರು. ಹೋದೆ — ಹೋಗದಿದ್ದರೆ ಅನುಮಾನ ಬಂದೀತೆಂದು ಹೋದೆ. ಉಡಿಯ ತುಂಬ ಕೊಬ್ಬರಿ, ಉತ್ತತ್ತಿ ಇಟ್ಟುಕೊಂಡು ನೀನು ತಲೆ ತಗ್ಗಿಸಿ ಕೂತಿದ್ದೆ. ಹಗ್ಗ ಉಜ್ಜಿ ಸುಲಿದಿದ್ದ ನಿನ್ನ ಕಾಲ್ಬೆರಳಿಗೆ ಯಾರೋ ಅರಿಶಿನ ಹಚ್ಚಿದ್ದರು. ನಾನು ಬಗ್ಗಿದಾಗ ಮೆಲ್ಲಗೆ ಹೇಳಿದ್ದೆಯಲ್ಲ, "ನೀನರ ಗೆದ್ದು ಬಾ, ಅಕ್ಕಾ" ಎಂದು? ಆ ಮಾತು ಕೇಳಿಯೂ ನಾನು ಆರತಿ ಎತ್ತಿದೆ.

ಮುಂಬೈಯಲ್ಲಿ ನಾನು ಅರ್ಧದಲ್ಲೇ ಜಾರಿ ಬಿದ್ದೆ. ಮುಂದಿನ ವರ್ಷ ನನಗಿಂತ ಚಿಕ್ಕ ಹುಡುಗಿಯೊಬ್ಬಳು ಬಂದಳು, ನನ್ನದೂ ಮುಗಿಯಿತು. ನಿನ್ನನ್ನು ಹದಿನಾರು ತುಂಬುವ ಮೊದಲೇ ದಿಗ್ಗೇವಾಡಿಗೆ ಮದುವೆ ಮಾಡಿ ಕೊಟ್ಟರು.

ಆಮೇಲೆ ಎಷ್ಟೋ ವರ್ಷಕ್ಕೆ ರಾಯಬಾಗದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ್ದೆ. ಸೊಂಟದ ಮೇಲೆ ಕೂಸು. ಹಳೆಯ ಮಾತು ನೀನಾಗಿಯೇ ತೆಗೆದೆ.

"ತಪ್ಪ ನಂದ ಅಕ್ಕಾ. ಬಟ್ಟಿ ಒಗದು ಹಿತ್ತಲದಾಗ ಒಣಗಾಕ ಹಾಕಿದ್ನಿ. ಆಯಿ ಅದನ್ನ ನೋಡಿರಬೇಕು. ಎಷ್ಟ್ ಹುಚ್ಚಿ ನಾ."

ಹೇಳಿ ನಕ್ಕೆ ನೀನು. ಕಣ್ಣಲ್ಲಿ ನೀರಿತ್ತು.

ನಾನೇನೆಂದೆ? "ಹೋಗ್ಲಿ ಬಿಡು, ಆಗಿದ್ದು ಆಗಿಹೋತು" ಎಂದೆ. ಬಸ್ಸು ಬಂತು, ಹತ್ತಿದೆ. ಅಜ್ಜಿಗೆ ಹೇಳಿದಾಗ ನನಗಿನ್ನೂ ಹದಿನೈದು ಎನ್ನಬಹುದು. ಬಸ್‌ಸ್ಟ್ಯಾಂಡಿನಲ್ಲಿ ನನಗೆ ಹದಿನೈದಿರಲಿಲ್ಲ, ಸುರೇಖಾ.

ಅಜ್ಜಿ ತೀರಿಕೊಂಡರಂತೆ. ನನ್ನ ಹೆಸರು ಬಾಯಿಬಿಡದೆಯೇ ಹೋಗಿದ್ದಾರೆ. ಇನ್ನು ನಾನೂ ಸುಮ್ಮನಿದ್ದರೆ ನೀನು ಬದುಕಿರುವ ತನಕ ನಿನ್ನನ್ನೇ ಬೈದುಕೊಳ್ಳುತ್ತೀಯ. ಈ ಸೋಮವಾರ ದಿಗ್ಗೇವಾಡಿಗೆ ಬರುತ್ತೇನೆ. ಕ್ಷಮೆ ಕೇಳುವುದಿಲ್ಲ, ಕೇಳಿದರೆ ನೀನು ಕೊಟ್ಟುಬಿಡುತ್ತೀಯ. ನೀನು ಯಾವ ತಪ್ಪೂ ಮಾಡಿರಲಿಲ್ಲ ಎಂದು ನಿನ್ನೆದುರು ನಿಂತು ಹೇಳಬೇಕು. ಕೇಳಿದ ಮೇಲೆ ಬಾಗಿಲು ಹಾಕಿಕೊಂಡರೂ ಸರಿಯೇ — ಪೂರ್ತಿ ಕೇಳಿ ಹಾಕಿಕೋ.