ಕೀ ತೂತಿಗೆ ಇಟ್ಟ ಕುಂಕುಮ

ಗೆಳೆಯರೇ, ಕುಕ್ ಟೌನಿನ ಮೇಡಂ ಒಬ್ಬರ ಕಾರು ಇವತ್ತು ಹಲಸೂರಿನ ನಮ್ಮ ಗ್ಯಾರೇಜಿಗೆ ಹಗ್ಗ ಕಟ್ಟಿಸಿಕೊಂಡು ಬಂತು. ಸ್ಟಾರ್ಟ್ ಆಗುತ್ತಿರಲಿಲ್ಲ. ಬ್ಯಾಟರಿ ಚೆನ್ನಾಗಿಯೇ ಇತ್ತು. ಆದರೆ ಕೀ ಅಲ್ಲಾಡಿಸಿದರೆ ಡ್ಯಾಶ್‌ಬೋರ್ಡಿನ ದೀಪಗಳು ಹತ್ತಿ ಆರುತ್ತಿದ್ದವು. ಅಂದರೆ ಇಗ್ನಿಷನ್ ಸ್ವಿಚ್ಚಿನದೇ ತಕರಾರು. ಸ್ಟೀರಿಂಗ್ ಕೆಳಗಿನ ಕವರ್ ಕಳಚಿ ಸ್ವಿಚ್ ಬಿಚ್ಚಿದೆ. ಒಳಗೆ ಕುಂಕುಮ ಒಣಗಿ ಗಟ್ಟಿಯಾಗಿ ಕೂತಿತ್ತು.

ಓನರ್ ಸೆಲ್ವಣ್ಣ ಇಣುಕಿ ನೋಡಿ ಪಿಸುಗುಟ್ಟಿದರು. "ಸ್ವಿಚ್ ಹಳೇದಾಗಿದೆ ಅನ್ನು ಮಗಾ. ಬೇರೆ ಏನಾದ್ರೂ ಬಾಯ್ಬಿಟ್ರೆ ನಾಳೆಯಿಂದ ಕೆಲ್ಸಕ್ಕೆ ಬರ್ಬೇಡ."

ಅಷ್ಟರಲ್ಲಿ ಮೇಡಂ ಹತ್ತಿರ ಬಂದರು. "ಏನಾಗಿದೆಯಪ್ಪಾ?"

"ಕೀ ಹಾಕೋ ತೂತಿಗೆ ಕುಂಕುಮದ ನೀರು ಹೋಗಿದೆ ಮೇಡಂ," ಅಂದೆ.

"ಆಯುಧ ಪೂಜೆಗೆ ಇಲ್ಲೇ ಅಲ್ವಾ ಕಾರ್ ಬಿಟ್ಟಿದ್ದು? ಪೂಜೆ ಮಾಡಿದ್ದು ಯಾರು?"

ಸೆಲ್ವಣ್ಣ ತಗಡಿನ ಸೂರು ನೋಡುತ್ತ ನಿಂತರು.

"ಅಣ್ಣನೇ ಮೇಡಂ. ತುಂಬಾ ಭಕ್ತಿಯಿಂದ ಮಾಡಿದ್ರು."

ಮೇಡಂ ನಕ್ಕುಬಿಟ್ಟರು. ಹೊಸ ಸ್ವಿಚ್ಚನ್ನು ಅಣ್ಣನೇ ಪುಕ್ಕಟೆ ಹಾಕಿಸಿಕೊಟ್ಟರು. ಕಾರು ಹೊರಟ ಮೇಲೆ ನನ್ನ ಕಡೆ ತಿರುಗಿದರು.

"ನಿನ್ನನ್ನ ತೆಗೆದ್ರೆ ವೈರಿಂಗ್ ನೋಡೋಕೆ ಜನ ಇಲ್ಲ. ನಾಳೆಯಿಂದ ಕಾರಿನ ಕೆಳಗೇ ಮಲಗಿರು. ಕಸ್ಟಮರ್ ಬಂದ್ರೆ ಎದ್ದು ಬರ್ಬೇಡ."

ಒಂಬತ್ತನೇ ಕ್ಲಾಸಿನಲ್ಲಿ ನಿಜ ಹೇಳಿದಾಗ ಮೇಷ್ಟ್ರು ಹೊರಗೆ ನಿಲ್ಲಿಸಿದ್ದರು. ಇಲ್ಲಿ ಮಲಗಲಾದರೂ ಹೇಳುತ್ತಾರೆ.

ಅಂದ ಹಾಗೆ, ಅವತ್ತು ಅಣ್ಣ ಪೂಜೆ ಮಾಡಿದ್ದು ಹನ್ನೊಂದು ಕಾರುಗಳಿಗೆ. ಕೆಟ್ಟು ವಾಪಸ್ ಬಂದದ್ದರಲ್ಲಿ ಇದು ಮೊದಲನೆಯದು.