ಬೇಡವೆಂದರೂ ಕೊಡುವವರು

ನನಗೆ ಉಡುಗೊರೆ ತೆಗೆದುಕೊಳ್ಳಲು ಬರುವುದಿಲ್ಲ. ಯಾರಾದರೂ ಏನಾದರೂ ಕೊಟ್ಟರೆ ಮುಖವನ್ನು ಎಷ್ಟು ಅರಳಿಸಬೇಕೆಂದು ತಿಳಿಯದೆ, "ಇದೆಲ್ಲ ಯಾಕೆ" ಎಂದು ಕೊಟ್ಟವರನ್ನೇ ಗದರಿಸಿದ ಹಾಗೆ ಮಾತಾಡಿಬಿಡುತ್ತೇನೆ. ಅಮ್ಮನದು ಇನ್ನೊಂದು ಕಷ್ಟ. ಅವಳಿಗೆ ಕೊಡದೆ ಇರಲು ಬರುವುದಿಲ್ಲ. ಹೋದ ಚಳಿಗಾಲದಲ್ಲಿ ಮೂರು ತಿಂಗಳ ವೀಸಾದ ಮೇಲೆ ಕುಂದಾಪುರದಿಂದ ಸೌದಿಯ ದಮ್ಮಾಮ್‌ಗೆ ನಮ್ಮಲ್ಲಿಗೆ ಬಂದಾಗ ಅವಳ ಪೆಟ್ಟಿಗೆಯಲ್ಲಿ ಸ್ವಂತಕ್ಕೆಂದು ಇದ್ದದ್ದು ನಾಲ್ಕು ಸೀರೆ ಮಾತ್ರ. ಮಿಕ್ಕಿದ್ದೆಲ್ಲ ಹಂಚುವ ಸಾಮಾನು, ಅದರಲ್ಲಿ ಮೂರು ಕೊಡೆ. ಮಳೆಯೇ ಅಪರೂಪವಾದ ಊರಿಗೆ ಕೊಡೆ ಎಂತಕ್ಕೆ ಎಂದರೆ, "ಬಿಸಿಲು ಕಮ್ಮಿ ಉಂಟಾ?" ಎಂದಳು.

ಹೊಗಳಿಕೆಯಲ್ಲಂತೂ ಅವಳ ಕೈಗೆ ಹಿಡಿತವೇ ಇಲ್ಲ. ನಾನು ಶಾಲೆಯ ಓಟದಲ್ಲಿ ಎಲ್ಲರಿಗಿಂತ ಹಿಂದೆ ಬಂದಾಗ, ಮನೆಗೆ ರವಿಕೆ ಹೊಲಿಸಿಕೊಳ್ಳಲು ಬಂದ ಪ್ರತಿ ಹೆಂಗಸಿಗೂ, "ಕಡೆ ತನಕ ಓಡಿದ್ಲು ಮಾರಾಯ್ರೆ, ಎಲ್ಲೂ ನಿಲ್ಲಲಿಲ್ಲ" ಎಂದು ವರದಿ ಒಪ್ಪಿಸಿದ್ದಳು. ಆರನೇ ತರಗತಿಯಲ್ಲಿ, "ಎಷ್ಟು ಚಂದ ಹಾಡ್ತಿ ನೀನು" ಎಂದಳು. ನಂಬಿದೆ. ವಾರ್ಷಿಕೋತ್ಸವದ ವೇದಿಕೆ ಹತ್ತಿ ಹಾಡಿದೆ. ಮುಂದಿನ ಸಾಲಿನಲ್ಲಿ ಹುಟ್ಟಿದ ನಗು ಹಿಂದಿನ ಬೆಂಚಿನವರೆಗೂ ಹೋಯಿತು. ಹೆಡ್‌ಮಾಸ್ಟರರು ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡು ಕೆಮ್ಮಿದರು. ಅಂದಿನಿಂದ ಅಮ್ಮನ ಮಾತಿನಲ್ಲಿ ಅರ್ಧಕ್ಕರ್ಧ ಕಳೆದೇ ಕೇಳಿಸಿಕೊಳ್ಳುತ್ತಿದ್ದೆ. ನನ್ನ ಮಗಳಿಗೆ ಹೊಗಳಿಕೆ ಕೊಡುವಾಗಲೂ ಕೆಮ್ಮಿನ ಔಷಧಿಯ ಹಾಗೆ ಚಮಚದಲ್ಲಿ ಅಳೆದು ಕೊಡುತ್ತೇನೆ.

ನಮ್ಮ ಎದುರು ಮನೆಯಲ್ಲಿ ಚೆನ್ ಎಂಬ ಚೀನೀ ಹೆಂಗಸು ಇದ್ದಾಳೆ. ಅವಳ ಗಂಡನೂ ನನ್ನ ಗಂಡನೂ ಒಂದೇ ಕಾರಿನಲ್ಲಿ ರಾಸ್ ಅಲ್ ಖೈರ್‌ನ ನೀರಿನ ಸ್ಥಾವರಕ್ಕೆ ಹೋಗಿ, ವಾರದ ರಜೆಗೆಂದು ಗುರುವಾರ ಸಂಜೆ ಒಟ್ಟಿಗೆ ಮನೆ ಸೇರುವವರು. ಚೆನ್‌ಳ ಮಗಳು ಯೂಯೂಗೆ ಹತ್ತು ವರ್ಷ. ಬಂದ ವಾರವೇ ಅಮ್ಮ ಅವರ ಬಾಗಿಲು ತಟ್ಟಿ ಒಂದು ಕೊಡೆ ಚಾಚಿದಳು. ಚೆನ್ ಬೇಡವೆಂದಳು. ನಾನು, "ಬೇಡವಂತೆ, ಬಾ" ಎಂದು ಸೆರಗು ಎಳೆದೆ. ಅಮ್ಮ ಮತ್ತೆ ಚಾಚಿದಳು. ಮತ್ತೆ ಬೇಡ. ಮೂರನೆಯ ಸಲಕ್ಕೆ ಚೆನ್ ಎರಡೂ ಕೈ ಮುಂದೆ ಮಾಡಿ, ತಲೆ ಬಾಗಿಸಿ ತೆಗೆದುಕೊಂಡಳು. ಆಮೇಲೆ ಒಳಗೆ ಓಡಿಹೋಗಿ ಒಂದು ರಿಯಾಲ್ ನಾಣ್ಯ ತಂದು ಅಮ್ಮನ ಅಂಗೈಯಲ್ಲಿಟ್ಟಳು.

ಅಮ್ಮನ ಮುಖ ಸಣ್ಣದಾಯಿತು. "ನಾನೆಂತ ಕೊಡೆ ಮಾರುವವಳಾ?"

ಚೆನ್ ತನಗೆ ಬರುವ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದಳು, ನಾನು ಅಮ್ಮನಿಗೆ ಕನ್ನಡದಲ್ಲಿ ಹೇಳಿದೆ. ಅವರ ಭಾಷೆಯಲ್ಲಿ ಕೊಡೆ ಎನ್ನುವ ಶಬ್ದವೂ ಚದುರಿಹೋಗುವುದು ಎನ್ನುವ ಶಬ್ದವೂ ಕಿವಿಗೆ ಹೆಚ್ಚುಕಮ್ಮಿ ಒಂದೇ. ಹಾಗಾಗಿ ಕೊಡೆಯನ್ನು ಉಡುಗೊರೆಯಾಗಿ ತೆಗೆದುಕೊಂಡರೆ ಸ್ನೇಹ ಮುರಿಯುತ್ತದೆಂಬ ಭಯ. ಒಂದು ನಾಣ್ಯ ಕೊಟ್ಟರೆ ಅದು ಖರೀದಿಯಾಯಿತು, ದೋಷ ಹೋಯಿತು. ಮೊದಲೆರಡು ಸಲ ಬೇಡವೆನ್ನುವುದು ಬರೀ ಮರ್ಯಾದೆ. ಅಮ್ಮನಿಗೆ ಇದೆಲ್ಲ ತಕ್ಷಣ ಅರ್ಥವಾಯಿತು. ಊಟಕ್ಕೆ ಕೂತವರು ಬೇಡ ಬೇಡವೆಂದರೂ ಬಡಿಸುತ್ತಲೇ ಬಂದವಳು ಅವಳು. ಅರ್ಥವಾಗದೆ ಉಳಿದವಳು ನಾನೊಬ್ಬಳೇ. ಎರಡು ದಿನ ಬಿಟ್ಟು ಚೆನ್ ಕೆಂಪು ಕಾಗದ ಸುತ್ತಿದ ಚಹಾದ ಡಬ್ಬಿ ತಂದಳು. ಕೊಟ್ಟವರ ಎದುರಿಗೆ ಬಿಚ್ಚಬಾರದೆಂಬುದು ಅವರ ಕ್ರಮ. ಅವಳು ಕೂರುವುದರೊಳಗೆ ಅಮ್ಮ ಬಿಚ್ಚಿ ಮೂಸಿ ನೋಡಿಯಾಗಿತ್ತು.

ಚೆನ್ ಹೊಗಳಿಕೆಯನ್ನೂ ಹಾಗೆಯೇ ವಾಪಸು ಮಾಡುತ್ತಿದ್ದಳು. ಯೂಯೂ ಜಾಣೆ ಎಂದರೆ, "ಇಲ್ಲ, ಸೋಮಾರಿ" ಎನ್ನುವಳು. ಮೂರನೆಯ ಸಲಕ್ಕೂ ಒಪ್ಪಿದವಳಲ್ಲ. ಹುಡುಗಿ ಪಕ್ಕದಲ್ಲೇ ಕಾರ್ಪೆಟ್ ನೋಡುತ್ತ ನಿಂತಿರುತ್ತಿತ್ತು. ಒಂದು ದಿನ ಚೆನ್ ನಿಜ ಸಂಗತಿ ಹೇಳಿದಳು. ಶಾಲೆ ಸೇರಿ ನಾಲ್ಕು ತಿಂಗಳಾದರೂ ಯೂಯೂ ಕ್ಲಾಸಿನಲ್ಲಿ ಒಂದು ಶಬ್ದ ಆಡಿಲ್ಲ. ಟರ್ಮಿನ ಕೊನೆಗೆ ಎಲ್ಲ ಮಕ್ಕಳೂ ಇಂಗ್ಲಿಷಿನಲ್ಲಿ ಎರಡು ನಿಮಿಷ ಮಾತಾಡಬೇಕು. ಆಗಲೂ ಸುಮ್ಮನಿದ್ದರೆ ಒಂದು ತರಗತಿ ಹಿಂದೆ ಕೂರಿಸುತ್ತಾರಂತೆ.

"ನನ್ ಹತ್ರ ಕಳ್ಸುಕೆ ಹೇಳು" ಎಂದಳು ಅಮ್ಮ.

"ನಿನಗೆ ಇಂಗ್ಲಿಷ್ ಎಲ್ಲಿ ಬರ್ತದೆ?"

"ಅದಕ್ಕೇ. ತಪ್ಪು ಹಿಡೂಕೆ ನಂಗೆ ಗೊತ್ತಾಪ್ದಿಲ್ಲ."

ದಿನಾ ಸಂಜೆ ಯೂಯೂ ಬಂದು ಸೋಫಾದ ಮುಂದೆ ನಿಲ್ಲುತ್ತಿದ್ದಳು. ಮೊದಲೆರಡು ದಿನ ಬರೀ ತುಟಿ ಆಡಿತು. ಅಮ್ಮ ಅದಕ್ಕೂ ತಲೆದೂಗಿದಳು. ವಾರ ಕಳೆಯುವುದರೊಳಗೆ ಅಡುಗೆಮನೆಗೂ ಕೇಳುವಷ್ಟು ದನಿ ಬಂತು. ಒಂದು ಶಬ್ದವೂ ತಿಳಿಯದ ಭಾಷಣವನ್ನು ಅಮ್ಮ ಕಣ್ಣರಳಿಸಿಕೊಂಡು ಕೇಳುವುದನ್ನು ಕಂಡು ನನಗೆ ಹಳೆಯದೆಲ್ಲ ನೆನಪಾಯಿತು. ಹುಡುಗಿ ಹೋದ ಮೇಲೆ ಕೇಳಿಯೇಬಿಟ್ಟೆ, "ನಾನು ಹಾಡೋದು ಕೆಟ್ಟದಾಗಿತ್ತು ಅಂತ ನಿನಗೆ ಗೊತ್ತಿತ್ತಾ?"

"ಗೊತ್ತಿಲ್ದೆ? ನಂಗೆ ಕಿವಿ ಇಲ್ಯಾ?" ಅಮ್ಮ ಬೀನ್ಸ್ ಮುರಿಯುವುದನ್ನು ನಿಲ್ಲಿಸಲಿಲ್ಲ. "ನಿಂಗೆ ಹಾಡುಕೆ ಆಸೆ ಇತ್ತು. ಬೇಡ ಅಂಬುಕೆ ಊರೆಲ್ಲ ಜನ ಇದ್ದಿದ್ರು. ಹಾಡು ಅಂಬುಕೆ ಒಬ್ರಾದ್ರೂ ಬೇಡ್ದಾ?"

ಇಷ್ಟು ವರ್ಷ ಅವಳಿಗೆ ಸಂಗೀತ ತಿಳಿಯದೆಂದು ನಾನು ಅವಳನ್ನು ಕ್ಷಮಿಸಿಕೊಂಡು ಬಂದಿದ್ದೆ. ನಾನೂ ಕೂತು ಬೀನ್ಸ್ ಮುರಿದೆ.

ಟರ್ಮಿನ ಕೊನೆಗೆ ಕ್ಲಾಸಿನಲ್ಲಿ ಯೂಯೂ ಮಾತಾಡಿದಳು. ನಡುವೆ ಮರೆತು, ನಿಂತು, ಮತ್ತೆ ಮೊದಲಿನಿಂದ ಶುರುಮಾಡಿ ಮುಗಿಸಿದಳಂತೆ. ಅವಳು ಅದೇ ತರಗತಿಯಲ್ಲಿ ಉಳಿದಳು. ಅಭಿನಂದಿಸಿದ ತಾಯಂದಿರಿಗೆಲ್ಲ ಚೆನ್, "ಇಲ್ಲ, ಮಧ್ಯ ಮರೆತಳು" ಎಂದೇ ಹೇಳಿದಳಂತೆ.

ಅಮ್ಮ ಊರಿಗೆ ಹೋಗಿ ತಿಂಗಳಾದ ಮೇಲೆ ಚೆನ್ ನಮ್ಮ ಬಾಗಿಲಿಗೆ ಬಂದು, ನಾಚಿಕೊಂಡೇ ಒಂದು ಶಬ್ದದ ಅರ್ಥ ಕೇಳಿದಳು. ಯೂಯೂ ದಿನಾ ಪಾಠ ಓದಿ ತೋರಿಸಿದ ಮೇಲೆ, ಅಜ್ಜಿ ಹೇಳುತ್ತಿದ್ದದ್ದನ್ನು ತನ್ನ ಅಮ್ಮನೂ ಹೇಳಲೇಬೇಕೆಂದು ಹಟ ಮಾಡುತ್ತಾಳೆ. ಚೆನ್ ಹೇಳುತ್ತಲೂ ಇದ್ದಾಳೆ. ಏನೆಂದು ಮಾತ್ರ ತಿಳಿಯದು.

"ಲಾಯ್ಕಿತ್."

ಬಹಳ ಚೆನ್ನಾಗಿದೆ ಎಂಬುದಕ್ಕೆ ನಮ್ಮ ಕುಂದಾಪುರದವರು ಹಾಗೆನ್ನುತ್ತಾರೆ ಎಂದೆ. ಚೆನ್‌ಳ ಕಿವಿ ಕೆಂಪಾಯಿತು.

"ದಿನಾ ಹೇಳಿದ್ದೇನೆ" ಎಂದಳು ಮೆಲ್ಲಗೆ.

"ನಿಲ್ಲಿಸ್ತೀರಾ?"

ಅವಳು ತಿರುಗಿ ತನ್ನ ಮನೆಯ ಬಾಗಿಲು ನೋಡಿದಳು. ಒಳಗೆ ಯೂಯೂ ಏನನ್ನೋ ಜೋರಾಗಿ ಓದುತ್ತಿದ್ದಳು.

"ಇಲ್ಲ" ಎಂದಳು. "ಸರಿಯಾಗಿ ಹೇಳುವುದು ಹೇಗೆ, ಕಲಿಸಿ."